ನಾಲ್ವರದ್ದೂ ಒಂದೇ ಉತ್ತರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ಕಾಲೇಜು, ಹಾಸ್ಟೆಲ್, ಯಾವ ಬ್ರಾಂಚ್ ಅನ್ನುವುದೆಲ್ಲ ಮನೆಯಲ್ಲಿ ದಿನಾ ನಡೆಯುವ ಮಾತು. ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದ ಒಂದು ಮಾತಿದೆಯಲ್ಲ: ‘ಅವರ ನಾಲ್ವರದ್ದೂ ಒಂದೇ ಉತ್ತರ, ನನ್ನದು ಮಾತ್ರ ಬೇರೆ. ನನಗೆ ಗಣಿತ ಬರುತ್ತೆ ಅಂತ ಇಷ್ಟು ವರ್ಷ ಸುಮ್ನೆ ಅಂದುಕೊಂಡಿದ್ದೆ ಅನ್ನಿಸ್ತಿದೆ.’ ಅದನ್ನು ಓದಿ ಕನ್ನಡಕ ತೆಗೆದಿಟ್ಟೆ. ಎರಡು ದಿನದಿಂದ ಅದೇ ತಲೆಯಲ್ಲಿದೆ. ಅದಕ್ಕೇ ಈ ಕಾಗದ.

ಇಂಜಿನಿಯರಿಂಗ್ ಸೀಟಿಗೆ ಬರೆದ ಸಿಇಟಿಯ ಗಣಿತ ಪೇಪರಿನಲ್ಲಿ, ಏಳು ಪ್ರಶ್ನೆಗಳಿಗೆ ನಿನ್ನ ಉತ್ತರ ಆ ನಾಲ್ವರು ಗೆಳತಿಯರದ್ದಕ್ಕಿಂತ ಬೇರೆ ಬಂದಿದೆ ಅಂದಿದ್ದೀಯ. ಪರೀಕ್ಷೆ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಗೇಟಿನ ಹತ್ತಿರವೇ ನಿಂತು ಹೋಲಿಸಿ ನೋಡಿದ್ದೀರಿ. 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡ್. ಅಷ್ಟು ಓಡಿ ಸುಸ್ತಾದ ತಲೆ ಗೇಟಿನ ಹತ್ತಿರ ಏನನ್ನು ತಾನೇ ಸರಿಯಾಗಿ ಯೋಚಿಸುತ್ತೆ? ನಿಮ್ಮ ಐವರ ವರ್ಷನ್ ಕೋಡ್ ಕೂಡ ಒಂದೇ ಇರಲಿಕ್ಕಿಲ್ಲ. ನಿನ್ನ 14ನೇ ಪ್ರಶ್ನೆ ಇನ್ನೊಬ್ಬಳಿಗೆ 41ನೆಯದು. ಇದೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದೂ ಆ ಹೊತ್ತಿನಲ್ಲಿ ಕೈ ಕೊಡುತ್ತೆ.

ನೀನು ಬರೆದು ಕಳಿಸಿದ ಪ್ರಾಬಬಿಲಿಟಿ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ನಗಬೇಡ. ಮೊದಲ ಸಲ ನಿನ್ನ ಉತ್ತರವೇ ಬಂತು, ಖುಷಿಯಾಯಿತು. ಸರಿ ನೋಡೋಣ ಅಂತ ಇನ್ನೊಮ್ಮೆ ಮಾಡಿದರೆ ಅವರದ್ದು ಬಂತು. ಮೂರನೇ ಸಲ ಮಾಡುವ ಧೈರ್ಯ ಬರಲಿಲ್ಲ. ಆದ್ದರಿಂದ ನಿನ್ನದೇ ಸರಿ ಅಂತ ಸಮಾಧಾನ ಹೇಳಲಾರೆ. ನನಗೆ ಕಾಡುತ್ತಿರುವುದು ಆ ‘ನಾಲ್ವರದ್ದೂ ಒಂದೇ’ ಅನ್ನುವ ಮಾತು. ಯಾಕೆ ಅಂದರೆ, ಅಂಥದೇ ನಾಲ್ವರಲ್ಲಿ ಒಬ್ಬಳಾಗಿ ನಾನೂ ಒಮ್ಮೆ ನಿಂತಿದ್ದೆ.

ನಮ್ಮ ಕಾಲದಲ್ಲಿ ಸಿಇಟಿ ಇರಲಿಲ್ಲ. ಅದು ಬಂದದ್ದು 1994ರಲ್ಲಿ. ನಮಗೆ ಸೆಕೆಂಡ್ ಪಿಯುಸಿ ಅಂಕವೇ ಎಲ್ಲ. ಗಣಿತದ ಪರೀಕ್ಷೆ ಮುಗಿಸಿ ನಾವೂ ಐದು ಜನ ಮರದ ಕೆಳಗೆ ನಿಂತೆವು. ಒಂದು ಇಂಟಿಗ್ರೇಶನ್ ಇತ್ತು: ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ, ಮಾಡ್ ಎಕ್ಸ್, ಅಂದರೆ ಮೈನಸ್ ಚಿಹ್ನೆ ತೆಗೆದ ಎಕ್ಸ್. ನನ್ನ ಬೆಂಚಿನ ಪಕ್ಕದವಳು ಮೆಲ್ಲಗೆ ‘ಒಂದು’ ಅಂದಳು. ನಾನು ಎಲ್ಲರಿಗಿಂತ ಜೋರಾಗಿ, ‘ಸೊನ್ನೆ ಕಣೇ, ಆ ಕಡೆಯದು ಮೈನಸ್, ಈ ಕಡೆಯದು ಪ್ಲಸ್, ಎರಡೂ ಹೊಡೆದುಹೋಗುತ್ತೆ’ ಅಂದೆ. ‘ಮಾಡ್ ಹಾಕಿದ ಮೇಲೆ ಮೈನಸ್ ಎಲ್ಲಿಂದ...’ ಅಂತ ಅವಳು ಶುರು ಮಾಡಿದಳು. ನಾನು ಮುಗಿಸಲು ಬಿಡಲಿಲ್ಲ. ಉಳಿದ ಮೂವರೂ ಸೊನ್ನೆ ಅಂದರು. ನಾಲ್ಕು ಜನ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಆ ಮೂವರಲ್ಲಿ ಒಬ್ಬಳು ಆ ಲೆಕ್ಕವನ್ನು ಮುಟ್ಟೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನೋಡು, ನಮ್ಮ ನಾಲ್ವರ ಒಂದೇ ಉತ್ತರ ಅಂದರೆ ಇಷ್ಟೇ. ಒಬ್ಬಳ ಗಂಟಲು, ಮೂವರ ತಲೆಯಾಡಿಸುವಿಕೆ.

ಎರಡು ದಿನ ಬಿಟ್ಟು ಕೆಮಿಸ್ಟ್ರಿ ಇತ್ತು. ಅವಳು ಕಣ್ಣು ಕೆಂಪು ಮಾಡಿಕೊಂಡು ಬಂದಳು. ಆ ಎರಡು ದಿನವೂ ಕೆಮಿಸ್ಟ್ರಿ ಪುಸ್ತಕ ತೆರೆಯದೆ ಗಣಿತದ ಪೇಪರನ್ನೇ ಮತ್ತೆ ಮತ್ತೆ ಬಿಡಿಸುತ್ತಾ ಕೂತಿದ್ದಳಂತೆ. ಕೆಮಿಸ್ಟ್ರಿಯಲ್ಲಿ ಅಂಕ ಹೋಯಿತು, ಬೇಕೆಂದ ಸೀಟು ಸಿಗಲಿಲ್ಲ. ನನ್ನಿಂದಲೇ ಆಯಿತು ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ.

ರಜೆಯಲ್ಲಿ ಹಳೇ ಪುಸ್ತಕಗಳನ್ನು ಯಾರಿಗೋ ಕೊಡಬೇಕು ಅಂತ ತೆಗೆದಾಗ ಅದೇ ಲೆಕ್ಕ ಕಣ್ಣಿಗೆ ಬಿತ್ತು. ಚಿತ್ರ ಬರೆದು ನೋಡಿದೆ. ಎರಡು ತ್ರಿಕೋನ, ಎರಡೂ ಗೆರೆಯ ಮೇಲೆಯೇ ಇವೆ. ಅರ್ಧ, ಇನ್ನೊಂದು ಅರ್ಧ. ಒಂದು. ಅವಳ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ನಾನು ಹೋಗಿ ಹೇಳಲಿಲ್ಲ. ಮೊದಲು ನಾಚಿಕೆ. ಆಮೇಲೆ, ಈಗ ಹೇಳಿ ಏನು ಪ್ರಯೋಜನ ಅನ್ನುವ ಸೋಮಾರಿತನ. ತನಗೆ ಗಣಿತ ಬರುವುದಿಲ್ಲ ಅಂತಲೇ ಅವಳು ಇಷ್ಟು ವರ್ಷ ಅಂದುಕೊಂಡಿದ್ದಾಳೋ ಏನೋ. ನಿನ್ನ ಅಂಚಿನ ಮಾತು ಓದಿದಾಗ ನನಗೆ ಕೇಳಿಸಿದ್ದು ಅವಳ ದನಿ.

ನಿನ್ನ ಗೆಳತಿಯರು ನನ್ನ ಹಾಗೆ ಅಂತ ಹೇಳುತ್ತಿಲ್ಲ. ಪಾಪ, ಅವರಿಗೂ ಹೆದರಿಕೆ ಇರುತ್ತೆ. ಹೆದರಿದವರಿಗೆ ತಮ್ಮ ಉತ್ತರ ಇನ್ನೊಬ್ಬರ ಜೊತೆ ಹೊಂದಿಬಿಟ್ಟರೆ ಸಾಕು. ನಾಲ್ವರೂ ಒಂದೇ ಟ್ಯೂಷನ್ನಿಗೆ ಹೋಗುವವರು ಅಂತ ನೀನೇ ಹಿಂದೊಮ್ಮೆ ಹೇಳಿದ್ದೆ, ಅಲ್ವಾ? ಒಂದೇ ಕಡೆ ಕಲಿತವರಿಗೆ ತಪ್ಪೂ ಒಂದೇ ಥರ ಬರಬಹುದು. ಸರಿಯೂ ಬಂದಿರಬಹುದು, ಅದನ್ನು ಒಪ್ಪುತ್ತೇನೆ.

ಸರಿ ತಪ್ಪು ಹೇಳುವುದು ಸಿಇಟಿ ನಡೆಸುವ ಕೆಇಎಯ ಕೀ ಉತ್ತರ. ಅದನ್ನೂ ಅವರು ಮೊದಲು ತಾತ್ಕಾಲಿಕ ಅಂತಲೇ ಬಿಡುತ್ತಾರೆ. ತಪ್ಪಿದೆ ಅನ್ನಿಸಿದರೆ ಆಕ್ಷೇಪಣೆ ಹಾಕಬಹುದು, ವಿಷಯ ತಜ್ಞರು ನೋಡಿದ ಮೇಲೆ ಅಂತಿಮ ಕೀ ಬರುತ್ತೆ. 2024ರಲ್ಲಂತೂ ಪಠ್ಯದಲ್ಲಿಲ್ಲದ್ದನ್ನು ಕೇಳಿದ್ದಾರೆ ಅಂತ ಗಲಾಟೆಯಾಗಿ, ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಲೆಕ್ಕದಿಂದಲೇ ಕೈಬಿಟ್ಟರು. ಗಣಿತದಲ್ಲೇ 15. ಆ ಹದಿನೈದಕ್ಕಾಗಿ ಅವತ್ತು ಗೇಟಿನ ಹೊರಗೆ ಎಷ್ಟು ಮಕ್ಕಳು ಅತ್ತಿದ್ದರೋ. ಪ್ರಶ್ನೆ ತಯಾರಿಸಿದವರೇ ಎಡವಿದ ಕಡೆ, ನೀನು ನಿನ್ನನ್ನೇ ದಡ್ಡಿ ಅಂದುಕೊಳ್ಳುವ ಆತುರ ಯಾಕೆ?

ಏಳೂ ತಪ್ಪೇ ಅಂತ ಇಟ್ಟುಕೊಳ್ಳೋಣ. ನೆಗೆಟಿವ್ ಅಂಕ ಇಲ್ಲ. ಇಂಜಿನಿಯರಿಂಗಿಗೆ ಮೂರು ವಿಷಯ ಸೇರಿ 180ರಲ್ಲಿ ಏಳು, ಅದರಲ್ಲೂ ರ‍್ಯಾಂಕಿಗೆ ಸಿಇಟಿಯ ಪಾಲು ಅರ್ಧ, ಇನ್ನರ್ಧ ಪಿಯು ಅಂಕ. ಅಂದರೆ 100ಕ್ಕೆ ಎರಡರ ಹತ್ತಿರ. ಎರಡು ಅಂಕಕ್ಕೂ ರ‍್ಯಾಂಕ್ ಎಲ್ಲಿಂದ ಎಲ್ಲಿಗೋ ಜಾರುತ್ತೆ ಅಂತ ನಿಮ್ಮಪ್ಪ ಹೇಳುತ್ತಾನೆ, ಅದು ಸುಳ್ಳಲ್ಲ. ಈ ಲೆಕ್ಕ ನಿನಗೆ ಎಷ್ಟು ಸಮಾಧಾನ ಕೊಡುತ್ತೋ ಗೊತ್ತಿಲ್ಲ. ನನಗೇ ಪೂರ್ತಿ ಕೊಡಲಿಲ್ಲ.

ಉತ್ತರ ಗುರುತು ಮಾಡಿದ ಒಎಂಆರ್ ಹಾಳೆಯ ನಿನ್ನ ಪ್ರತಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೋ. ಕೀ ಬಂದ ದಿನ ಅದನ್ನು ಹಿಡಿದು ಒಬ್ಬಳೇ ಕೂತು ನೋಡು, ಗುಂಪಿನಲ್ಲಿ ಬೇಡ. ಅಥವಾ ಅಮ್ಮನ ಜೊತೆ ಕೂತು ನೋಡು, ಅವಳು ಲೆಕ್ಕದ ತಂಟೆಗೆ ಬರುವವಳಲ್ಲ. ಆ ಗೆಳತಿಯರ ಜೊತೆ ಮಾತು ಬಿಡು ಅಂತಲ್ಲ. ನಾನು ಹೇಳುವುದು ಹೇಗೆ ಕೇಳಿಸುತ್ತೋ ಏನೋ.

ಇನ್ನೊಂದು. ಮುಂದಿನ ತಿಂಗಳ ಕಾಮೆಡ್‌ಕೆ, ಆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ, ಬರೆಯುವುದು ಬೇಡ ಅನ್ನಿಸುತ್ತಿದೆ ಅಂತ ಬರೆದಿದ್ದೀಯಲ್ಲ, ನನಗೆ ನಿಜವಾಗಿ ಭಯವಾದದ್ದು ಅಲ್ಲಿ. ಆ ಎರಡು ದಿನ ಕೆಮಿಸ್ಟ್ರಿ ಪುಸ್ತಕ ಮುಚ್ಚಿಟ್ಟವಳು ಕಣ್ಣ ಮುಂದೆ ಬಂದಳು. ಬರೆಯಲೇಬೇಕು ಅಂತ ಒತ್ತಾಯ ಮಾಡುವ ಹಕ್ಕು ನನಗಿಲ್ಲ. ಆದರೆ ಬಿಡುವುದಾದರೆ ಬೇರೆ ಯಾವುದಾದರೂ ಕಾರಣಕ್ಕೆ ಬಿಡು. ಗೇಟಿನ ಹತ್ತಿರದ ಹತ್ತು ನಿಮಿಷಕ್ಕಾಗಿ ಬೇಡ.

ಆಮೇಲೆ, ಆ ಪ್ರಾಬಬಿಲಿಟಿ ಲೆಕ್ಕ. ನಿನ್ನ ಪತ್ರದಲ್ಲಿ ನಿನ್ನ ಉತ್ತರ ಇದೆ, ಅವರ ಉತ್ತರ ಇದೆ, ನೀನು ಹೇಗೆ ಮಾಡಿದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಬಹುಶಃ ಅವತ್ತು ಯಾರೂ ಕೇಳಲಿಲ್ಲ. ಅದನ್ನು ಬರೆದು ಕಳಿಸು, ಒಂದು ಹೆಜ್ಜೆಯನ್ನೂ ಬಿಡದೆ. ನಾನು ಕೊನೆಯವರೆಗೂ ಓದುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ