ಸ್ಟೆಂಟ್ ತೆಗೆಸಲು ಮರೆಯದೆ ಬಂದವರಿಗೂ

ನಮ್ಮ ಕಿಡ್ನಿ ಕಲ್ಲಿನ ಘಟಕಕ್ಕೆ ಈ ವಾರ ಒಂದು ವರ್ಷ ತುಂಬಿತು. ನೆನೆಯಬೇಕಾದವರು ಬಹಳ ಮಂದಿ.

ಮೊದಲು ಸಿಟಿ ಸ್ಕ್ಯಾನಿನವರು. ಯಾವ ಕಲ್ಲಿಗೆ ಯಾವ ದಾರಿ ಎಂಬುದು ಅರ್ಧ ತೀರ್ಮಾನವಾಗುವುದೇ ಅವರ ಕೋಣೆಯಲ್ಲಿ. ಕಲ್ಲು 1 ಸೆಂಟಿಮೀಟರಿಗಿಂತ ಸಣ್ಣದಾಗಿ, ಸಾಂದ್ರತೆ 1000 ಹೌನ್ಸ್‌ಫೀಲ್ಡ್ (ಸಿಟಿ ಸ್ಕ್ಯಾನಿನಲ್ಲಿ ಸಾಂದ್ರತೆ ಅಳೆಯುವ ಮಾನ) ದಾಟದಿದ್ದರೆ ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯಬಹುದು. ಗಾಯವಿಲ್ಲ, ಸಾಮಾನ್ಯವಾಗಿ ಸಂಜೆಗೆ ಮನೆ. ಅದೇ ಕಲ್ಲು ಕಿಡ್ನಿಯ ಕೆಳಮೂಲೆಯಲ್ಲಿ ಕೂತಿದ್ದರೆ ಒಡೆದ ಚೂರು ಮೇಲೇರಿ ಬರಬೇಕು, ಎಷ್ಟೋ ಸಲ ಬರುವುದಿಲ್ಲ. ಅಂಥದ್ದಕ್ಕೆ ಮೂತ್ರದ ದಾರಿಯಲ್ಲೇ ಬಾಗುವ ಸ್ಕೋಪ್ ತೂರಿಸಿ ಲೇಸರ್ ಹಾಯಿಸುವ ಆರ್‌ಐಆರ್‌ಎಸ್ ವಾಸಿ. 2 ಸೆಂಟಿಮೀಟರ್ ಮೀರಿದರೆ ಬೆನ್ನಿನಿಂದ ರಂಧ್ರ ಮಾಡುವ ಪಿಸಿಎನ್‌ಎಲ್. ಬೆನ್ನಿನ ರಂಧ್ರ ಎಂದರೆ ಹೆದರಿ, ಆರ್‌ಐಆರ್‌ಎಸ್ ಅನ್ನೇ ಮಾಡಿ ಎನ್ನುವವರುಂಟು. 3 ಸೆಂಟಿಮೀಟರ್ ಕಲ್ಲಿಗೆ ಆ ದಾರಿ ಹಿಡಿದರೆ ಎರಡು ಮೂರು ಸಲ ಅರಿವಳಿಕೆ ಬೇಕಾದೀತು.

ಆಘಾತ ತರಂಗದ ಯಂತ್ರ ನಡೆಸುವವರು ಜೆಲ್ ಹಾಕುವುದನ್ನು ನೋಡಬೇಕು. ಕೈಯಿಂದ ಸವರಿದರೆ ಗಾಳಿಗುಳ್ಳೆ ಸೇರುತ್ತದೆ, ಗುಳ್ಳೆಯಿದ್ದಲ್ಲಿ ತರಂಗ ದಾಟದು. ಅದಕ್ಕೇ ಒಂದೇ ಗುಡ್ಡೆಯಾಗಿ ಸುರಿದು ಮೇಲಿಂದ ಒತ್ತುತ್ತಾರೆ. ನಿಮಿಷಕ್ಕೆ 120ರ ಬದಲು 60 ಹೊಡೆತ. ಹೊತ್ತು ಇಮ್ಮಡಿ ಹಿಡಿದರೂ ಕಲ್ಲು ಚೆನ್ನಾಗಿ ಪುಡಿಯಾಗುತ್ತದೆ, ಕಿಡ್ನಿಗೆ ಪೆಟ್ಟು ಕಡಿಮೆ.

ಲ್ಯಾಬಿನವರಿಗೂ, ಮೂತ್ರದಲ್ಲಿ ಸೋಂಕಿದೆಯೇ ಎಂದು ನೋಡುವ ಯೂರಿನ್ ಕಲ್ಚರ್ ರಿಪೋರ್ಟಿಗಾಗಿ ಬೈದುಕೊಂಡೇ ಕಾದ ರೋಗಿಗಳಿಗೂ ನಮಸ್ಕಾರ. ಸೋಂಕಿರುವಾಗ ಸ್ಕೋಪ್ ಹಾಕಿ ಸಲೈನ್ ಬಿಟ್ಟರೆ ಅದರ ಒತ್ತಡಕ್ಕೆ ರೋಗಾಣು ರಕ್ತಕ್ಕೆ ನುಗ್ಗುತ್ತದೆ. ಕಲ್ಲು ಪೂರ್ತಿ ಹೋಯಿತು ಎನ್ನುವಷ್ಟರಲ್ಲಿ ಚಳಿಜ್ವರ, ಬಿಪಿ ಕುಸಿತ.

ವಾರ್ಡಿನ ಸಿಸ್ಟರ್‌ಗಳು ಮೂತ್ರದ ಚೀಲದ ಬಣ್ಣ ನೋಡಿಯೇ ಅರ್ಧ ರೋಗ ಹೇಳುತ್ತಾರೆ. ಪಿಸಿಎನ್‌ಎಲ್ ಆದ ದಿನ ಕೆಂಪಗಿರುವುದು ಸಹಜ. ತಿಳಿಯಾದದ್ದು ವಾರದ ಮೇಲೆ ಮತ್ತೆ ಗಾಢ ಕೆಂಪಾಗಿ ಹೆಪ್ಪು ಬಿದ್ದರೆ ಒಳಗಿನ ರಕ್ತನಾಳ ಸೋರುತ್ತಿರಬಹುದು. ಆಗ ಎಳನೀರು ಕುಡಿದು ನೋಡೋಣ ಎನ್ನಬೇಡಿ, ಸೀದಾ ಎಮರ್ಜೆನ್ಸಿಗೆ ಬನ್ನಿ.

ಇನ್ನು, ಮೂತ್ರ ಸರಾಗ ಇಳಿಯಲೆಂದು ಕಿಡ್ನಿಯಿಂದ ಮೂತ್ರಕೋಶದವರೆಗೆ ಕೆಲಕಾಲ ಇಡುವ ನಳಿಕೆ, ಅಂದರೆ ಡಿಜೆ ಸ್ಟೆಂಟ್ ತೆಗೆಸಲು ಹೇಳಿದ ದಿನಕ್ಕೆ ಬಂದವರಿಗೆಲ್ಲ ವಿಶೇಷ ಧನ್ಯವಾದ. ಮೊದಲ ದಿನಗಳಲ್ಲಿ ಉರಿ, ಪದೇಪದೇ ಅವಸರ. ಒಗ್ಗಿಹೋದರೆ ಒಳಗೊಂದು ನಳಿಕೆಯಿದೆ ಎಂಬುದೇ ಮರೆತುಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟಿ, ಐದು ನಿಮಿಷದ ಕೆಲಸಕ್ಕೆ ಮತ್ತೊಂದು ಆಪರೇಷನ್ ಆಗುತ್ತದೆ. ಸ್ಟೆಂಟ್ ರಿಜಿಸ್ಟರಿನಲ್ಲಿ ಟಿಕ್ ಬೀಳದ ಹೆಸರುಗಳಿಗೆಲ್ಲ ಕೂತು ಫೋನ್ ಮಾಡುವ ಸಿಸ್ಟರ್ ಒಬ್ಬರಿದ್ದಾರೆ. ಅವರ ಕರೆ ಬಂದರೆ ದಯವಿಟ್ಟು ಎತ್ತಿ.