ಡ್ರಮ್‌ನಲ್ಲಿ ಇರುವುದನ್ನೇ ಚೀಟಿಯಲ್ಲಿ ಬರೆಸಿ

ಮಾನ್ಯ ಸಂಪಾದಕರೇ,

ಮೊನ್ನೆ ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಆಗಿ ಒಂದು ಟ್ಯಾಂಕರ್ ಹಿಂದೆ ಅರ್ಧ ಗಂಟೆ ನಿಲ್ಲಬೇಕಾಯಿತು. ಕಣ್ಣೆದುರಿಗೆ ಇದ್ದದ್ದು ಅದರ ಹಿಂಬದಿಯ ಎಚ್ಚರಿಕೆ ಫಲಕ. ಒಳಗೆ ಯಾವ ಸರಕು ಇದೆ ಅಂತ ಹೇಳುವ ನಾಲ್ಕು ಅಂಕಿಯ ನಂಬರ್ ಅಲ್ಲಿ ಇರಬೇಕಿತ್ತು, 183 ಅಂತ ಮೂರು ಮಾತ್ರ ಕಂಡವು. ಕೊನೆಯದರ ಬಣ್ಣ ಎದ್ದುಹೋಗಿತ್ತು, ಉಳಿದ ಕಡೆ ಮಣ್ಣು ಮೆತ್ತಿಕೊಂಡಿತ್ತು.

ಒಂದು ಅಂಕಿ ತಾನೇ ಅನ್ನಬೇಡಿ. 1830 ಅಂದರೆ ಸಲ್ಫ್ಯೂರಿಕ್ ಆಸಿಡ್. 1831 ಅಂದರೆ ಓಲಿಯಂ, ಅದೇ ಆಸಿಡ್‌ನ ಹೊಗೆಯಾಡುವ ರೂಪ, ನೀರು ತಾಗಿದರೆ ಸಿಡಿದಂತೆ ಕುದ್ದು ಆಸಿಡ್ ಹೊಗೆ ಏಳುತ್ತದೆ. ಯುರೋಪಿನಲ್ಲಿ ಇಂಥ ಟ್ಯಾಂಕರ್‌ಗಳಿಗೆ ಕಿತ್ತಳೆ ಬಣ್ಣದ ಫಲಕ ಹಾಕುತ್ತಾರೆ. ನಂಬರಿನ ಮೇಲೆ ಇನ್ನೊಂದು ಸಾಲು ಇರುತ್ತದೆ, ಅಪಾಯ ಯಾವ ಬಗೆಯದು ಅಂತ ಹೇಳುವ ಸಾಲು. ಮಾಮೂಲಿ ಆಸಿಡ್‌ಗೆ ಅಲ್ಲಿ 80, ಓಲಿಯಂಗೆ ಎಕ್ಸ್886. ಆ ಎಕ್ಸ್ ಅಕ್ಷರದ ಅರ್ಥ ಇದಕ್ಕೆ ನೀರು ಸೋಕಿಸಬೇಡಿ ಅಂತ. ಅಪಘಾತ ಆದಾಗ ಮೊದಲು ಬರುವುದು ಅಗ್ನಿಶಾಮಕದವರು, ಅವರ ಕೈಯಲ್ಲಿರುವುದು ನೀರಿನ ಪೈಪು. ಆ ಫಲಕ ಓದಲು ಬರದಿದ್ದರೆ ಅವರ ಗತಿ ಏನು? ಪಕ್ಕದಲ್ಲಿ ನಿಂತವರದ್ದು?

ನಿಯಮ ಇಲ್ಲ ಅನ್ನುವ ಹಾಗಿಲ್ಲ. ವಿಶ್ವಸಂಸ್ಥೆ 1956ರಲ್ಲೇ ಅಪಾಯಕಾರಿ ಸರಕು ಸಾಗಣೆಗೆ ಶಿಫಾರಸುಗಳನ್ನು ಪ್ರಕಟಿಸಿತು, ಈಗ ಎರಡು ವರ್ಷಕ್ಕೊಮ್ಮೆ ತಿದ್ದುತ್ತಾರೆ. ಸ್ಫೋಟಕ, ಅನಿಲ, ಬೆಂಕಿ ಹೊತ್ತುವ ದ್ರವ, ವಿಷ ಹೀಗೆ ಒಂಬತ್ತು ವರ್ಗ. ವಿಮಾನ, ಹಡಗು, ರೈಲು, ಲಾರಿ ಎಲ್ಲದಕ್ಕೂ ಬೇರೆ ಬೇರೆ ಸಂಹಿತೆಗಳು ಇವೆ. ಆದರೆ ಇವೆಲ್ಲ ನಿಂತಿರುವುದು ಒಂದೇ ಒಂದು ಚೀಟಿಯ ಮೇಲೆ. ಸರಕು ಕಳಿಸುವವರು ಒಳಗೆ ಏನಿದೆ ಅಂತ ಬರೆದು ಕೊಡುವ ಚೀಟಿ. ಅದು ತಪ್ಪಿದರೆ ಮುಂದಿನ ಪ್ರತಿಯೊಬ್ಬರೂ, ಲೋಡ್ ಮಾಡುವವರು, ಡ್ರೈವರ್, ಹಡಗಿನವರು, ಪೊಲೀಸರು, ಆಸ್ಪತ್ರೆಯವರು, ಎಲ್ಲರೂ ತಪ್ಪು ಮಾಹಿತಿ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ.

1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಂದು ಪ್ರಯಾಣಿಕ ವಿಮಾನ ಜೌಗು ನೆಲಕ್ಕೆ ಬಿದ್ದು 110 ಜನ ಸತ್ತರು. ವಿಮಾನದ ಸರಕಿನ ಕೋಣೆಯಲ್ಲಿ ಐದು ರಟ್ಟಿನ ಪೆಟ್ಟಿಗೆ ಇದ್ದವು. ಒಳಗಿದ್ದದ್ದು ಆಮ್ಲಜನಕ ಉತ್ಪಾದಿಸುವ ಡಬ್ಬಿಗಳು, ಪ್ರಯಾಣಿಕರ ಮಾಸ್ಕ್‌ಗೆ ಗಾಳಿ ಕೊಡುವಂಥವು. ಇವು ಒಮ್ಮೆ ಶುರುವಾದರೆ ಹೊರಮೈ 200 ಡಿಗ್ರಿಗೂ ಜಾಸ್ತಿ ಕಾಯುತ್ತದೆ. ಅವಧಿ ಮುಗಿದಿದೆ ಅಂತ ಬೇರೆ ವಿಮಾನಗಳಿಂದ ಬಿಚ್ಚಿ ತೆಗೆದಿದ್ದರು. ಅವಧಿ ಮುಗಿದಿದ್ದು ನಿಜ, ಆದರೆ ಡಬ್ಬಿ ಖಾಲಿ ಆಗಿರಲಿಲ್ಲ. ತಾನಾಗಿ ಶುರುವಾಗದಂತೆ ಮೇಲೆ ಹಾಕಬೇಕಾದ ಪ್ಲಾಸ್ಟಿಕ್ ಮುಚ್ಚಳವನ್ನೂ ಹಾಕಿರಲಿಲ್ಲ, ಹಾಕಿದ್ದೇವೆ ಅಂತ ಕಾಗದದಲ್ಲಿ ಸಹಿ ಮಾತ್ರ ಇತ್ತು. ಡಬ್ಬಿಗಳಿಗೆ ಕಟ್ಟಿದ್ದ ಹಸಿರು ಚೀಟಿ ನೋಡಿ ಸ್ಟೋರ್‌ನ ಗುಮಾಸ್ತರು ಖಾಲಿ ಅಂತ ತಿಳಿದರು, ಸರಕಿನ ರಸೀದಿಯಲ್ಲೂ ಹಾಗೇ ಬರೆದರು: ‘ಖಾಲಿ’. ಆ ಒಂದು ಪದ ನೋಡಿ ಪೆಟ್ಟಿಗೆಗಳನ್ನು ವಿಮಾನದ ಟೈರ್‌ಗಳ ಜೊತೆ ಇಟ್ಟರು. ಬೆಂಕಿ ಹತ್ತಿತು, ಬೆಂಕಿಗೆ ಬೇಕಾದ ಆಮ್ಲಜನಕವನ್ನೂ ಡಬ್ಬಿಗಳೇ ಒದಗಿಸಿದವು.

ಆ ಗುಮಾಸ್ತರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರಿಗೆ ಯಾರು ಕಲಿಸಿದ್ದರು ಹೇಳಿ? ಡಬ್ಬಿಗಳನ್ನು ಬಿಚ್ಚಿ ಕಳಿಸಿದ್ದ ವಿಮಾನ ನಿರ್ವಹಣೆ ಕಂಪನಿಯ ಮೇಲೆ ಕೇಸ್ ಆಯಿತು, ಹಲವು ಆರೋಪಗಳಲ್ಲಿ ತಪ್ಪಿತಸ್ಥ ಅಂತಲೂ ಆಯಿತು. ಮೇಲ್ಮನವಿಯಲ್ಲಿ ಬಹುತೇಕ ಬಿದ್ದುಹೋಗಿ ಕೊನೆಗೆ ಉಳಿದದ್ದು ಒಂದೇ, ನೌಕರರಿಗೆ ಸರಿಯಾದ ತರಬೇತಿ ಕೊಟ್ಟಿಲ್ಲ ಅನ್ನುವುದು.

ಕೆನಡಾದ ಲಾಕ್ ಮೆಗಾಂಟಿಕ್ ಊರಿನ ಕಥೆಯೂ ಇದೇ ಥರ. 2013ರ ಜುಲೈ 6ರ ನಸುಕಿನಲ್ಲಿ, ಕಚ್ಚಾ ತೈಲ ತುಂಬಿದ 72 ಟ್ಯಾಂಕ್ ವ್ಯಾಗನ್‌ಗಳ ರೈಲು ಇಳಿಜಾರಿನಲ್ಲಿ ತಾನಾಗಿಯೇ ಉರುಳಿ ಬಂದು ಊರಿನ ನಡುವೆ ಹಳಿ ತಪ್ಪಿತು. 47 ಜನ ಸತ್ತರು. ಸಾಕಷ್ಟು ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ತನಿಖೆ ಮಾಡಿದವರು 18 ಕಾರಣ ಪಟ್ಟಿ ಮಾಡಿದರು, ಸರ್ಕಾರಿ ಇಲಾಖೆಯ ಮೇಲ್ವಿಚಾರಣೆ ಸಾಲದು ಅನ್ನುವುದೂ ಅದರಲ್ಲಿತ್ತು. ಅದೇ ತನಿಖೆಯಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು: ಆ ತೈಲವನ್ನು ಕಾಗದದಲ್ಲಿ ಅತಿ ಕಡಿಮೆ ಅಪಾಯದ ಗುಂಪಿಗೆ ಸೇರಿಸಿದ್ದರು, ಪರೀಕ್ಷೆ ಮಾಡಿದಾಗ ಅದಕ್ಕಿಂತ ಬೇಗ ಹೊತ್ತಿಕೊಳ್ಳುವಂಥದ್ದು ಅಂತ ತಿಳಿಯಿತು. ಅಂದರೆ ಪರೀಕ್ಷೆ ಆದದ್ದು ಊರು ಸುಟ್ಟ ಮೇಲೆ! ಕ್ರಿಮಿನಲ್ ಕೇಸಿನಲ್ಲಿ ಕಟಕಟೆ ಹತ್ತಿದ್ದು ಮೂವರು ರೈಲ್ವೆ ನೌಕರರು, 2018ರಲ್ಲಿ ಮೂವರೂ ಖುಲಾಸೆ ಆದರು.

ನನ್ನ ತಕರಾರು ಇಲ್ಲೇ ಇರುವುದು. ತಪಾಸಣೆ ಅಂದರೆ ನಮಗೆ ನೆನಪಾಗುವುದು ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ ಡ್ರೈವರ್‌ನ ಕಾಗದ ನೋಡುವುದು. ಡ್ರೈವರ್‌ಗೆ ಏನು ಗೊತ್ತು ಪಾಪ, ಸೀಲ್ ಆದ ಡ್ರಮ್, ಬೀಗ ಹಾಕಿದ ಕಂಟೇನರ್, ಯಾರೋ ಬರೆದು ಕೊಟ್ಟ ಚೀಟಿ. ಅವರು ಅದನ್ನು ನಂಬಿಕೊಂಡು ಹೊರಡುತ್ತಾರೆ, ಅಪಘಾತ ಆದರೆ ಮೊದಲು ಸಾಯುವವರೂ ಅವರೇ. ಡ್ರಮ್ ತುಂಬಿಸಿದ ಜಾಗಕ್ಕೆ, ಚೀಟಿ ಬರೆದ ಮೇಜಿಗೆ ಯಾಕೆ ಹೋಗುವುದಿಲ್ಲ?

ಸುಳ್ಳು ಬರೆಯುವುದು ಯಾಕೆ ಅಂತ ಕೇಳಿದರೆ, ನಿಜ ಬರೆದರೆ ಖರ್ಚು ಜಾಸ್ತಿ, ಬಾಡಿಗೆ ಜಾಸ್ತಿ, ಕಾಯುವುದೂ ಜಾಸ್ತಿ, ಕೆಲವು ಹಡಗಿನವರು ಬೇಡವೇ ಬೇಡ ಅಂತಾರೆ. ಇದ್ದಿಲನ್ನೇ ನೋಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ ಸರಕು. ಆದರೂ ಒಂದು ಪರೀಕ್ಷೆಯ ಸರ್ಟಿಫಿಕೇಟ್ ತೋರಿಸಿ ಇದು ಅಪಾಯಕಾರಿ ಅಲ್ಲ ಅಂತ ಸಾಗಿಸಲು ಅವಕಾಶ ಇತ್ತು. ಕಂಟೇನರ್‌ಗಳಿಗೆ ಬೆಂಕಿ ಬೀಳುತ್ತಲೇ ಇತ್ತು. ಕೊನೆಗೆ ಹಡಗು ಸಾಗಣೆಯ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಆ ವಿನಾಯಿತಿಯನ್ನೇ ತೆಗೆದು ಹಾಕಿದರು, 2026ರ ಜನವರಿ 1ರಿಂದ ಅದು ಕಡ್ಡಾಯ. ಇಂಥ ತಿದ್ದುಪಡಿ ನನಗೆ ಇಷ್ಟ. ಸುಳ್ಳಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ.

ನಿಜ ಹೇಳಿದವರನ್ನು ದೂರ ತಳ್ಳುವುದೂ ನಿಲ್ಲಬೇಕು. 2021ರಲ್ಲಿ ಎಕ್ಸ್-ಪ್ರೆಸ್ ಪರ್ಲ್ ಹಡಗಿನ ಒಂದು ಕಂಟೇನರ್‌ನಿಂದ ನೈಟ್ರಿಕ್ ಆಸಿಡ್ ಸೋರುತ್ತಿದೆ ಅಂತ ಮೊದಲೇ ಗೊತ್ತಾಗಿತ್ತು. ಕತಾರ್‌ನ ಹಮದ್ ಬಂದರಿನಲ್ಲಿ ಇಳಿಸಿಕೊಳ್ಳಲಿಲ್ಲ, ನಮ್ಮ ಗುಜರಾತಿನ ಹಜೀರಾ ಬಂದರಿನಲ್ಲೂ ಇಳಿಸಿಕೊಳ್ಳಲಿಲ್ಲ. ಮೇ 20ರಂದು ಕೊಲಂಬೊ ಹತ್ತಿರ ಬೆಂಕಿ ಹತ್ತಿ, ಜೂನ್‌ನಲ್ಲಿ ಹಡಗು ಮುಳುಗಿತು, ಪ್ಲಾಸ್ಟಿಕ್ ಹರಳುಗಳು ಶ್ರೀಲಂಕಾದ ಕಡಲತೀರದ ಉದ್ದಕ್ಕೂ ಹರಡಿದವು, ಮೀನುಗಾರರ ಕೆಲಸ ನಿಂತುಹೋಯಿತು. ಸೋರುತ್ತಿರುವ ಸರಕನ್ನು ಎಲ್ಲಿ ಇಳಿಸಬೇಕು, ಯಾರು ಇಳಿಸಿಕೊಳ್ಳಲೇಬೇಕು ಅನ್ನುವುದನ್ನು ಸರ್ಕಾರಗಳು ಮುಂಚೆಯೇ ತೀರ್ಮಾನಿಸಿ ಇಡಬೇಕು, ಹಡಗು ಬಂದ ಮೇಲೆ ಯೋಚಿಸುವುದಲ್ಲ.

ಸಾರಿಗೆ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೇಳುವುದು ಇಷ್ಟೆ. ಮುಂಚೆ ತಿಳಿಸದೆ ಗೋದಾಮಿಗೆ ಹೋಗಿ, ಒಂದು ಡ್ರಮ್ ತೆರೆಸಿ, ಒಳಗಿರುವುದರ ಮಾದರಿ ತೆಗೆದು ಚೀಟಿ ಜೊತೆ ಹೋಲಿಸಿ. ತಪ್ಪಿದ್ದರೆ ದಂಡ ಕಳಿಸಿದವರಿಗೆ ಹಾಕಿ, ಡ್ರೈವರ್‌ಗಲ್ಲ. ಚೀಟಿ ಬರೆಯುವ ಗುಮಾಸ್ತರಿಗೆ ತರಬೇತಿ ಆಗಿದೆಯಾ ಅಂತ ಅವರನ್ನೇ ಕೂರಿಸಿ ಕೇಳಿ, ಸುಮ್ನೆ ಸರ್ಟಿಫಿಕೇಟ್ ನೋಡಿ ಬರಬೇಡಿ. ಫಲಕ ಓದಲು ಆಗದ ಟ್ಯಾಂಕರ್ ತುಂಬಿಸಿದ ಜಾಗದಿಂದಲೇ ಹೊರಗೆ ಬರಬಾರದು. ಆಮೇಲೆ ವರ್ಷಕ್ಕೊಮ್ಮೆ ಲೆಕ್ಕ ಕೊಡಿ, ಎಷ್ಟು ಡ್ರಮ್ ತೆರೆಸಿದಿರಿ, ಎಷ್ಟರಲ್ಲಿ ಬರೆದದ್ದೇ ಬೇರೆ ಒಳಗಿದ್ದದ್ದೇ ಬೇರೆ ಇತ್ತು ಅಂತ.

— ಒಬ್ಬ ಓದುಗ