ಅಲುಗಿದ್ದನ್ನಷ್ಟೇ ಹೇಳುವ ಕಣ್ಣು

ರಾಯಚೂರು

ಚಿ. ಶಿವಲೀಲಾಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಬಿಸಿಲು ಮಾತ್ರ 42 ಡಿಗ್ರಿ ದಾಟಿ ಕೂತಿದೆ.

ಹತ್ತಿ ಹೊಲದ ಬಲೆಗೆ ಬೀಳುವ ಪತಂಗ ಎಣಿಸಲೆಂದು ನೀನು ಕಳಿಸಿದ ಕ್ಯಾಮೆರಾ ಚಿಪ್‌ನ ಯೋಜನೆ ಎರಡು ಸಲ ಓದಿದೆ. ನೊಣದ ಕಣ್ಣಿನ ಹಾಗೆ, ಬೆಳಕು ಬದಲಾದ ಪಿಕ್ಸೆಲ್ ಮಾತ್ರ ಸುದ್ದಿ ಕೊಡಬೇಕು, ಉಳಿದವು ಸುಮ್ಮನಿರಬೇಕು. ಇದು ನನಗೆ ಹೊಸದಲ್ಲವ್ವ. ಕಂಟ್ರೋಲ್ ರೂಮಿನಲ್ಲಿ ಗಂಟೆಗೊಮ್ಮೆ ಎಲ್ಲ ಮೀಟರುಗಳ ರೀಡಿಂಗ್ ಬರೆಯುತ್ತಿದ್ದೆವು, ಮುಳ್ಳು ಅಲುಗಿರಲಿ ಬಿಡಲಿ. ಅದು ಸಾದಾ ಕ್ಯಾಮೆರಾ. ಪಕ್ಕದ ಅಲಾರಂ ಪ್ಯಾನೆಲ್ ಮಿತಿ ದಾಟಿದರಷ್ಟೇ ಕೂಗುತ್ತಿತ್ತು. ಅದು ನಿನ್ನ ಚಿಪ್. ಆದರೆ ಒಮ್ಮೆ ಮಿತಿಯನ್ನು ತೀರಾ ಹತ್ತಿರ ಇಟ್ಟುಬಿಟ್ಟೆ. ಅದು ಸುಮ್ಮಸುಮ್ಮನೆ ಕೂಗಿ ಕೂಗಿ ತಲೆ ತಿಂದಿತು. ಅದರ ಬಾಯಿ ಮುಚ್ಚಿಸಿ ಚಹಾಕ್ಕೆ ಹೋದೆವು. ನಿಜವಾದ ಅಲಾರಂ ಬಂದದ್ದು ಆಗಲೇ. ಬೈಸಿಕೊಂಡವನು ನಾನು.

ಹಾಗಾಗಿ ಮೊದಲು ಸುಳ್ಳು ಕೂಗಿನ ಲೆಕ್ಕ ಹಾಕು. ಹಿಂದಿನ ಸಲ ಕೂಗಿದಾಗ ಇದ್ದ ಬೆಳಕನ್ನು ಪಿಕ್ಸೆಲ್ ಒಂದು ಪುಟ್ಟ ಕೆಪಾಸಿಟರಿನಲ್ಲಿ ನೆನಪಿಟ್ಟಿರುತ್ತದೆ. ಆ ನೆನಪನ್ನು ಹೊಸದಾಗಿಸುವ ರೀಸೆಟ್ ಸ್ವಿಚ್ಚಿನಲ್ಲಿ ಕರೆಂಟ್ ಸೋರಿದರೆ ಆ ನೆನಪು ಜಾರುತ್ತದೆ, ಏನೂ ಅಲುಗದೆಯೂ ಪಿಕ್ಸೆಲ್ ಕೂಗುತ್ತದೆ. ಹತ್ತು ಡಿಗ್ರಿ ಏರಿದರೆ ಸೋರಿಕೆ ಇಮ್ಮಡಿ ಎಂಬುದು ಸಿಲಿಕಾನಿನ ಸ್ಥೂಲ ಲೆಕ್ಕ. ಬೆಂಗಳೂರಿನ ಎಸಿ ಲ್ಯಾಬಿನಲ್ಲಿ 25ಕ್ಕೆ ಅಳೆದದ್ದು, ಬಿಸಿಲಲ್ಲಿಟ್ಟ ಡಬ್ಬಿಯೊಳಗೆ 55ಕ್ಕೆ ಹೋದರೆ ಎಂಟು ಪಟ್ಟು. ಪತಂಗ ಬರುವುದು ರಾತ್ರಿಯಲ್ಲವೇ ದೊಡ್ಡಪ್ಪ ಎನ್ನಬೇಡ. ಹಗಲೆಲ್ಲ ಸುಳ್ಳು ಕೂಗಿ ಬ್ಯಾಟರಿ ಅಷ್ಟರಲ್ಲಿ ಖಾಲಿಯಾಗಿರುತ್ತದೆ. ಕತ್ತಲಲ್ಲಿ ಕಾಣಲೆಂದು ಎಲ್‌ಇಡಿ ಹಚ್ಚಿದೆಯೋ, ಚಿಪ್‌ನಲ್ಲಿ ಉಳಿಸಿದ ಕರೆಂಟ್ ಅಲ್ಲೇ ಹೋಯಿತು. 2008ರಲ್ಲಿ ಲಿಚ್‌ಸ್ಟೈನರ್, ಪೋಶ್, ಡೆಲ್‌ಬ್ರುಕ್ ಪ್ರಕಟಿಸಿದ ಇಂಥದ್ದೇ 128×128 ಪಿಕ್ಸೆಲ್ಲಿನ ಚಿಪ್ 23 ಮಿಲಿವ್ಯಾಟ್ ತಿನ್ನುತ್ತಿತ್ತು. CR2032 ಎಂಬ ಗುಂಡಿ ಸೆಲ್ಲಿನಲ್ಲಿರುವ ಶಕ್ತಿಯನ್ನು ಅದರಿಂದ ಭಾಗಿಸಿ ನೋಡಿದೆ, ಒಂದು ದಿನದ ಮೇಲೆ ನಾಲ್ಕೈದು ತಾಸು, ಅಷ್ಟೇ. ಚಿಪ್ ಒಂದರದ್ದಲ್ಲ, ಇಡೀ ಡಬ್ಬಿಯ ಲೆಕ್ಕ ಬರೆದು ಕಳಿಸು.

ಇನ್ನೊಂದು. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ನಮ್ಮ ರೈತರು ಮೋಹಕ ಬಲೆ ಕಟ್ಟುತ್ತಾರೆ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಮೂರು ದಿನ ಸತತ ಬಿದ್ದರೆ ಔಷಧ ಹೊಡೆಯಬೇಕು. ಅದನ್ನು ಎಣಿಸಲು ನಿನ್ನ ಚಿಪ್ ಎಂದಿದ್ದೀಯ, ಸಂತೋಷ. ಆದರೆ ಒಳಗೆ ಬಿದ್ದು ಸತ್ತ ಪತಂಗ ಅಲುಗುವುದಿಲ್ಲ, ಅಲುಗದ್ದು ನಿನ್ನ ಚಿಪ್‌ಗೆ ಇಲ್ಲವೇ ಇಲ್ಲ. ಕಣ್ಣೇ ಅಲುಗಿದರೆ ನಿಂತದ್ದೂ ಅಲುಗಿದಂತೆ ಕಾಣುತ್ತದೆ, ನಿಜ. ಹಣ್ಣಿನ ನೊಣ ಸಣ್ಣ ಸ್ನಾಯುಗಳಿಂದ ತನ್ನ ಅಕ್ಷಿಪಟಲವನ್ನೇ ಅಲುಗಿಸಿಕೊಳ್ಳುತ್ತದೆಂದು 2022ರಲ್ಲಿ ಗೊತ್ತಾಗಿದೆ. ನೀನು ಅಷ್ಟು ದೂರ ಹೋಗಬೇಡ. ಬಲೆಯ ಬಾಯಲ್ಲೇ, ಹಾರಿ ಒಳಹೋಗುವಾಗಲೇ ಎಣಿಸು. ಒಳಹೋದದ್ದು ಹೊರಬಂದರೆ ಕಳೆಯಲೂಬೇಕು. ಚಲನೆಯ ದಿಕ್ಕನ್ನು ಕಂಡುಹಿಡಿಯುವ ಹಾಸೆನ್‌ಸ್ಟೈನ್ ಮತ್ತು ರೈಖಾರ್ಟ್ ಅವರ ಲೆಕ್ಕ ನಿನಗೆ ಗೊತ್ತಲ್ಲ, 1956ರಲ್ಲಿ ಒಂದು ದುಂಬಿಯ ಮೇಲೆ ಪ್ರಯೋಗ ಮಾಡಿ ಕಟ್ಟಿದ್ದು. ಪಕ್ಕಪಕ್ಕದ ಎರಡು ಪಿಕ್ಸೆಲ್, ನಡುವೆ ತುಸು ವಿಳಂಬ, ಯಾವುದು ಮೊದಲು ಕೂಗಿತೆಂಬುದರಿಂದ ದಿಕ್ಕು ತಿಳಿಯುತ್ತದೆ, ಅಷ್ಟಿದ್ದರೆ ಸಾಕು. ಲಕ್ಷ ಪಿಕ್ಸೆಲ್ ಯಾಕೆ ಬೇಕು?

ರಜೆಗೆ ಬರುವಾಗ ಬೋರ್ಡ್ ತಾ. ದೊಡ್ಡವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಗಲು ಇಡುತ್ತಾಳೆ. ಅದರ ಪಕ್ಕ ಒಂದು ವಾರ ಇಟ್ಟು ನೋಡೋಣ, ಕಾಗೆ ಕಾಯುವ ಕೆಲಸ ನನ್ನದು.

ಇಂತಿ,
ನಿನ್ನ ದೊಡ್ಡಪ್ಪ